ಸೇವಾ ಕೆಲಸಗಾರರ ಕೂಲಿ ಹೋರಾಟ: ಹಣ ಕೊಡುವ ನಿಜವಾದ ಕೈ ಯಾವುದು?

ಮಾನ್ಯ ಸಂಪಾದಕರೇ,

ಕಸ ಗುಡಿಸುವವರು, ಕಟ್ಟಡಗಳನ್ನು ಶುಚಿಗೊಳಿಸುವವರು, ಮನೆಗೆಲಸದವರು, ಹೋಟೆಲುಗಳಲ್ಲಿ ಬಡಿಸುವವರು, ವೃದ್ಧರನ್ನೂ ರೋಗಿಗಳನ್ನೂ ನೋಡಿಕೊಳ್ಳುವವರು ಕೂಲಿ ಹೆಚ್ಚಿಸಿ ಎಂದು ಬೀದಿಗಿಳಿದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ವಾದವೂ ಬರುತ್ತದೆ. ಇವರು ಕಾರ್ಖಾನೆಯವರಂತೆ ಒಂದೇ ಸೂರಿನಡಿ ದುಡಿಯುವವರಲ್ಲ, ಇವರ ಕೆಲಸಕ್ಕೆ ಹೆಚ್ಚಿನ ಕೌಶಲ ಬೇಕಿಲ್ಲ, ಒಬ್ಬರು ಬಿಟ್ಟರೆ ಹತ್ತು ಮಂದಿ ಸಿಗುತ್ತಾರೆ, ಆದ್ದರಿಂದ ಇವರು ಸಂಘ ಕಟ್ಟಲಾರರು, ಕಟ್ಟಿದರೂ ಅದರಿಂದ ಪ್ರಯೋಜನವಾಗದು, ದೇಶದ ಸಂಪತ್ತು ಬೆಳೆದ ಹಾಗೆ ಕೂಲಿಯೂ ತಾನಾಗಿ ಏರುತ್ತದೆ ಎಂಬುದು ಆ ವಾದದ ತಿರುಳು. ಕಾರ್ಮಿಕ ಚಳವಳಿಯ ಚರಿತ್ರೆಯನ್ನು ಬಹುಕಾಲದಿಂದ ಓದುತ್ತ ಬಂದಿರುವ ನನಗೆ ಈ ವಾದದಲ್ಲಿ ಹುರುಳು ಕಾಣುವುದಿಲ್ಲ. ಸೇವಾ ಕೆಲಸಗಾರರು ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಸಂಘ ಕಟ್ಟುತ್ತ ಬಂದಿದ್ದಾರೆ. ಅವರ ಕೂಲಿಯನ್ನು ನಿಜವಾಗಿ ನಿರ್ಧರಿಸುವವರು ಮಾತುಕತೆಗೆ ಬಾರದೆ ಯಾರದೋ ಹಿಂದೆ ಮರೆಯಾಗಿ ಉಳಿದ ಕಡೆಗಳಲ್ಲಿ ಅವರು ಬಹುಪಾಲು ಸೋತಿದ್ದಾರೆ. ಆ ಮರೆಯನ್ನು ಸರಿಸಿದ ಕಡೆಗಳಲ್ಲಿ ಗೆದ್ದಿದ್ದಾರೆ. ಈ ಸಂಗತಿ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ತಕ್ಕ ಸ್ಥಾನ ಪಡೆದಿಲ್ಲವೆಂದು ತೋರಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾದುದಕ್ಕೆ ತಾವು ಮನ್ನಿಸಬೇಕು.

ಅಮೆರಿಕದಲ್ಲಿ ಗುಲಾಮಗಿರಿ ಸಂವಿಧಾನದ ಪ್ರಕಾರ ಕೊನೆಗೊಂಡದ್ದು 1865ರ ಡಿಸೆಂಬರಿನಲ್ಲಿ. ಮರುವರ್ಷದ ಜೂನ್ ತಿಂಗಳಲ್ಲೇ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಕಪ್ಪು ಹೆಂಗಸರು ತಮ್ಮ ಮೇಯರಿಗೆ ಪತ್ರ ಬರೆದು, ಇನ್ನು ಮುಂದೆ ತಾವೆಲ್ಲರೂ ದಿನಕ್ಕೆ ಒಂದೂವರೆ ಡಾಲರಿನಂತೆ ಒಂದೇ ದರವನ್ನು ಪಡೆಯುವುದಾಗಿಯೂ, ತಮ್ಮಲ್ಲಿ ಯಾರಾದರೂ ಆ ಕಟ್ಟಳೆಯನ್ನು ಮುರಿದರೆ ದಂಡ ಹಾಕುವುದಾಗಿಯೂ ತಿಳಿಸಿದರು. ಈ ಹೆಂಗಸರಿಗೆ ಒಬ್ಬನೇ ಮಾಲೀಕನೆಂಬವನಿರಲಿಲ್ಲ. ಒಬ್ಬೊಬ್ಬಳೂ ಹಲವು ಮನೆಗಳ ಬಟ್ಟೆ ತಂದು ತನ್ನ ಹಿತ್ತಲಲ್ಲಿ ಒಗೆಯುತ್ತಿದ್ದಳು. ದರ ಹೆಚ್ಚು ಕೇಳಿದರೆ ಆ ಮನೆಯವರು ಪಕ್ಕದವಳನ್ನು ಕರೆಯುತ್ತಿದ್ದರು. ಇಡೀ ಊರಿಗೆ ಒಂದೇ ದರವೆಂದು ಗೊತ್ತುಪಡಿಸಿದ ಕೂಡಲೇ ಆ ದಾರಿ ಮುಚ್ಚಿಹೋಗುತ್ತಿತ್ತು. ಓದು ಬರಹದ ಅವಕಾಶವನ್ನೇ ಕೊಡದೆ ಬೆಳೆಸಿದ್ದ ಜನ ಸ್ವತಂತ್ರರಾದ ಆರು ತಿಂಗಳಲ್ಲಿ ಕಂಡುಕೊಂಡ ಈ ತಂತ್ರವನ್ನು ಕೌಶಲವಿಲ್ಲದವರ ಕೆಲಸವೆನ್ನಲು ನನಗೆ ಸಾಧ್ಯವಿಲ್ಲ.

ಹದಿನೈದು ವರ್ಷಗಳ ಅನಂತರ ಜಾರ್ಜಿಯಾದ ಅಟ್ಲಾಂಟಾದಲ್ಲಿ ಇದೇ ತಂತ್ರ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1881ರ ಜುಲೈ ಮೊದಲಲ್ಲಿ ಒಂದು ಚರ್ಚಿನಲ್ಲಿ ಸೇರಿ ಇಪ್ಪತ್ತು ಮಂದಿ ಹೆಂಗಸರು ಆರಂಭಿಸಿದ ಒಗೆತದವರ ಸಂಘ, ಮುಷ್ಕರ ಸಾರಿ ಮೂರು ವಾರ ಕಳೆಯುವಷ್ಟರಲ್ಲಿ ಮೂರು ಸಾವಿರ ಮಂದಿಯ ಸಂಘವಾಯಿತು. ಹನ್ನೆರಡು ಪೌಂಡು ಬಟ್ಟೆಗೆ ಒಂದು ಡಾಲರ್ ಎಂಬುದು ಅವರ ಬೇಡಿಕೆಯಾಗಿತ್ತು. ಆಗ ಅವರಲ್ಲಿ ಹೆಚ್ಚಿನವರ ತಿಂಗಳ ಸಂಪಾದನೆ ನಾಲ್ಕರಿಂದ ಎಂಟು ಡಾಲರಿನೊಳಗಿತ್ತು. ಮನೆಮನೆಗೆ ಹೋಗಿ ಸದಸ್ಯರನ್ನು ಸೇರಿಸುತ್ತಿದ್ದ ಹೆಂಗಸರನ್ನು ಪೊಲೀಸರು ಬಂಧಿಸಿ ದಂಡ ಹಾಕಿಸಿದರು, ಮನೆಮಾಲೀಕರು ಬಾಡಿಗೆ ಏರಿಸುವ ಬೆದರಿಕೆ ಹಾಕಿದರು, ಒಗೆತದ ಸಂಘದ ಪ್ರತಿಯೊಬ್ಬ ಸದಸ್ಯೆಗೂ ವರ್ಷಕ್ಕೆ 25 ಡಾಲರ್ ಪರವಾನಗಿ ಶುಲ್ಕ ವಿಧಿಸುವ ಪ್ರಸ್ತಾಪ ನಗರಸಭೆಯ ಮುಂದೆ ಬಂತು. ನಾಲ್ಕೈದು ತಿಂಗಳ ದುಡಿಮೆಯಷ್ಟಾಗುವ ಆ ಶುಲ್ಕಕ್ಕೆ ಹೆಂಗಸರು ಮೇಯರಿಗೆ ಬರೆದ ಉತ್ತರ ನೆನಪಿಡಬೇಕಾದದ್ದು. ಊರಿನ ಒಗೆತವೆಲ್ಲ ತಮ್ಮ ಹಿಡಿತದಲ್ಲಿ ಉಳಿಯುವುದಾದರೆ 25 ಡಾಲರೇನು, 50 ಡಾಲರ್ ಕೊಡಲೂ ಸಿದ್ಧ, ಆದರೆ ತಾವು ಕೇಳಿದ ದರ ಸಿಗದೆ ಬಟ್ಟೆ ಮುಟ್ಟುವುದಿಲ್ಲ ಎಂದು ಅವರು ಬರೆದರು. ತಮ್ಮನ್ನು ಮಣಿಸಲು ತಂದ ಶುಲ್ಕವನ್ನೇ ತಮ್ಮ ವೃತ್ತಿಗೆ ಸಿಕ್ಕುವ ಕಾನೂನಿನ ಮಾನ್ಯತೆಯಾಗಿ ಅವರು ತಿರುಗಿಸಿಬಿಟ್ಟರು. ನಗರಸಭೆ ಆ ಪ್ರಸ್ತಾಪವನ್ನು ಕೈಬಿಟ್ಟಿತು. ನಗರದ ಅಡುಗೆಯವರು, ಮಕ್ಕಳನ್ನು ನೋಡಿಕೊಳ್ಳುವ ದಾದಿಯರು, ಹೋಟೆಲು ನೌಕರರು ಕೂಡ ಅದೇ ಬೇಸಿಗೆಯಲ್ಲಿ ಹೆಚ್ಚಿನ ಕೂಲಿ ಕೇಳತೊಡಗಿದರು.

ಹಣ ಕೊಡುವ ಕೈಯನ್ನು ಮರೆಮಾಡುವ ಇನ್ನೊಂದು ಹಳೆಯ ಉಪಾಯವೆಂದರೆ ಟಿಪ್ಸು. ಗಿರಾಕಿಯ ಔದಾರ್ಯವೆಂದು ನಾವು ಭಾವಿಸುವ ಈ ಭಕ್ಷೀಸು ವಾಸ್ತವದಲ್ಲಿ ಎಷ್ಟೋ ಕಡೆ ಮಾಲೀಕ ಕೊಡಬೇಕಾದ ಸಂಬಳದ ಹೊರೆಯನ್ನು ಗಿರಾಕಿಯ ಮೇಲೆ ಜಾರಿಸುವ ವ್ಯವಸ್ಥೆಯಾಗಿ ಬೆಳೆದಿದೆ. ಅಮೆರಿಕದ ಪುಲ್‌ಮನ್ ಕಂಪನಿಯ ಮಲಗುವ ರೈಲುಬೋಗಿಗಳಲ್ಲಿ ಪ್ರಯಾಣಿಕರ ಹಾಸಿಗೆ ಹಾಸಿ, ಬೂಟು ಒರೆಸಿ, ಸಾಮಾನು ಹೊತ್ತು ಸೇವೆ ಮಾಡುತ್ತಿದ್ದ ಕಪ್ಪು ಪೋರ್ಟರುಗಳ ಬದುಕು ಇದಕ್ಕೆ ದೊಡ್ಡ ನಿದರ್ಶನ. ತಿಂಗಳಿಗೆ 400 ಗಂಟೆಗಳವರೆಗೆ ದುಡಿಯುತ್ತಿದ್ದ ಅವರ ಸಂಬಳ ಎಷ್ಟು ಅಲ್ಪವಾಗಿತ್ತೆಂದರೆ ಭಕ್ಷೀಸು ಇಲ್ಲದೆ ಸಂಸಾರ ಸಾಗುತ್ತಿರಲಿಲ್ಲ. ರೈಲು ಹೊರಡುವ ಮೊದಲು ಬೋಗಿಯನ್ನು ಅಣಿಗೊಳಿಸುವ ಹೊತ್ತಿಗೆ ಕೂಲಿಯೇ ಇರಲಿಲ್ಲ. ಪ್ರಯಾಣಿಕರು ಅವರನ್ನು ಅವರವರ ಹೆಸರು ಹಿಡಿದು ಕರೆಯದೆ, ಕಂಪನಿಯ ಸ್ಥಾಪಕ ಜಾರ್ಜ್ ಪುಲ್‌ಮನ್ನನ ಹೆಸರಿನಿಂದ ಎಲ್ಲರನ್ನೂ "ಜಾರ್ಜ್" ಎಂದೇ ಕರೆಯುತ್ತಿದ್ದರು. ಯಜಮಾನನ ಹೆಸರಿನಿಂದ ಆಳನ್ನು ಕರೆಯುವ ಗುಲಾಮಗಿರಿಯ ಕಾಲದ ರೂಢಿ ಹೀಗೆ ರೈಲಿನೊಳಗೂ ಉಳಿದುಕೊಂಡಿತ್ತು.

1925ರ ಆಗಸ್ಟ್ 25ರಂದು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಈ ಪೋರ್ಟರುಗಳು ತಮ್ಮ ಸಂಘವನ್ನು ಸ್ಥಾಪಿಸಿದಾಗ ಅದರ ನಾಯಕತ್ವಕ್ಕೆ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರನ್ನು ಕರೆತಂದರು. ಆತ ಪೋರ್ಟರಾಗಿರಲಿಲ್ಲ. ಕಂಪನಿಯ ನೌಕರನಲ್ಲದವನನ್ನು ಕಂಪನಿ ಕೆಲಸದಿಂದ ಕಿತ್ತುಹಾಕಲಾರದು ಎಂಬ ವಿವೇಕ ಆ ಆಯ್ಕೆಯ ಹಿಂದಿತ್ತು. ಮುಂದಿನ ಹನ್ನೆರಡು ವರ್ಷಗಳು ಸುಲಭದವಾಗಿರಲಿಲ್ಲ. ಸಂಘದವರೆಂದು ಗೊತ್ತಾದವರನ್ನು ಕಂಪನಿ ತೆಗೆದುಹಾಕುತ್ತಿತ್ತು, ತನ್ನದೇ ಒಂದು ಕೈಗೊಂಬೆ ಸಂಘವನ್ನೂ ನಡೆಸುತ್ತಿತ್ತು. 1928ರಲ್ಲಿ ಕರೆದಿದ್ದ ಮುಷ್ಕರವನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆದುಕೊಳ್ಳಬೇಕಾಗಿ ಬಂದು ಸದಸ್ಯರ ಸಂಖ್ಯೆ ಕುಸಿಯಿತು. 1934ರಲ್ಲಿ ರೈಲ್ವೆ ಕಾರ್ಮಿಕ ಕಾಯಿದೆಗೆ ತಿದ್ದುಪಡಿಯಾಗಿ ಪೋರ್ಟರುಗಳೂ ಅದರ ರಕ್ಷಣೆಯೊಳಗೆ ಬಂದ ಮೇಲೆಯೇ ನೌಕರರ ಪರವಾಗಿ ಮಾತಾಡುವ ಸಂಘ ಯಾವುದೆಂದು ತೀರ್ಮಾನಿಸುವ ಚುನಾವಣೆಯಲ್ಲಿ ಗೆದ್ದು ಸಂಘ ಕಂಪನಿಯ ಎದುರು ಕೂರುವಂತಾಯಿತು. 1937ರ ಆಗಸ್ಟ್ 25ರಂದು, ಸಂಘ ಹುಟ್ಟಿ ಸರಿಯಾಗಿ ಹನ್ನೆರಡು ವರ್ಷಕ್ಕೆ, ಒಪ್ಪಂದಕ್ಕೆ ಸಹಿ ಬಿತ್ತು. ತಿಂಗಳ ದುಡಿಮೆ 400 ಗಂಟೆಯಿಂದ 240 ಗಂಟೆಗೆ ಇಳಿಯಿತು, ಒಟ್ಟು ಹನ್ನೆರಡೂವರೆ ಲಕ್ಷ ಡಾಲರಿನಷ್ಟು ಸಂಬಳ ಏರಿತು. ಈ ಸಂಘದಲ್ಲಿ ಪಳಗಿದ ಮಾಂಟ್ಗೊಮರಿಯ ಪೋರ್ಟರ್ ಇ. ಡಿ. ನಿಕ್ಸನ್ ಅವರೇ 1955ರಲ್ಲಿ, ಬಸ್ಸುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ ನಡೆದ ಆ ನಗರದ ಬಸ್ ಬಹಿಷ್ಕಾರವನ್ನು ಸಂಘಟಿಸಲು ಮುಂದೆ ನಿಂತವರಲ್ಲಿ ಒಬ್ಬರು. ಕೂಲಿಯ ಹೋರಾಟದಲ್ಲಿ ಕಲಿತ ಸಂಘಟನೆಯ ಪಾಠ ಪೌರ ಹಕ್ಕಿನ ಹೋರಾಟಕ್ಕೆ ಒದಗಿದ್ದನ್ನು ಇಲ್ಲಿ ಕಾಣಬಹುದು.

ಕಾನೂನಿನ ಮಾತು ಬಂದುದರಿಂದ ಒಂದು ಕಹಿ ಸಂಗತಿಯನ್ನೂ ಹೇಳಬೇಕು. 1938ರಲ್ಲಿ ಅಮೆರಿಕ ಗಂಟೆಗೆ 25 ಸೆಂಟಿನ ಕನಿಷ್ಠ ವೇತನವನ್ನು ದೇಶಮಟ್ಟದಲ್ಲಿ ಜಾರಿಗೆ ತಂದಾಗ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಅಂಗಡಿ ಹೋಟೆಲುಗಳ ಬಹುಪಾಲು ನೌಕರರನ್ನೂ ಅದರಿಂದ ಹೊರಗಿಟ್ಟಿತು. ಅತ್ಯಂತ ಕಡಿಮೆ ಕೂಲಿಯವರಿಗಾಗಿ ಮಾಡಿದ ಕಾನೂನು ಅವರಲ್ಲಿ ಬಹುಮಂದಿಯನ್ನೇ ಬಿಟ್ಟುಬಿಟ್ಟಿತು. 1966ರ ತಿದ್ದುಪಡಿ ಹೋಟೆಲು ರೆಸ್ಟೋರೆಂಟುಗಳ ನೌಕರರಲ್ಲಿ ಅನೇಕರನ್ನು ಒಳಗೆ ತಂದಿತಾದರೂ, ಭಕ್ಷೀಸು ಪಡೆಯುವವರಿಗೆ ಮಾಲೀಕ ಕನಿಷ್ಠ ವೇತನದ ಅರ್ಧದಷ್ಟನ್ನು ಮಾತ್ರ ಕೊಟ್ಟರೆ ಸಾಕು, ಉಳಿದದ್ದನ್ನು ಭಕ್ಷೀಸಿನಲ್ಲಿ ಹೊಂದಿಸಿಕೊಳ್ಳಬಹುದು ಎಂಬ ಅವಕಾಶವನ್ನೂ ಜೊತೆಗೇ ತಂದಿತು. ಮನೆಗೆಲಸದವರು ಒಳಬರಲು 1974ರವರೆಗೆ ಕಾಯಬೇಕಾಯಿತು. 1991ರಲ್ಲಿ ಕನಿಷ್ಠ ವೇತನ 4.25 ಡಾಲರ್ ಆದಾಗ ಭಕ್ಷೀಸು ಪಡೆಯುವವರ ಪಾಲು ಅದರ ಅರ್ಧ, ಅಂದರೆ 2.13 ಡಾಲರ್ ಆಯಿತು. 1996ರಲ್ಲಿ ಈ ಎರಡರ ನಡುವಿನ ಕೊಂಡಿಯನ್ನೇ ಕಳಚಲಾಯಿತು. ಅಂದಿನಿಂದ ದೇಶಮಟ್ಟದ ಕಾನೂನಿನಲ್ಲಿ ಆ 2.13 ಡಾಲರ್ ಮೇಲೇಳಲೇ ಇಲ್ಲ. ಕೂಲಿ ತಾನಾಗಿ ಏರುತ್ತದೆ ಎನ್ನುವವರು ಈ ಒಂದು ಅಂಕಿಯನ್ನು ಗಮನಿಸಬೇಕೆಂದು ನಾನು ವಿನಂತಿಸುತ್ತೇನೆ. ಆ ದೇಶದ ಸಂಪತ್ತು ಈ ಅವಧಿಯಲ್ಲಿ ಎಷ್ಟು ಬೆಳೆಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ.

ಟೆನೆಸಿಯ ಮೆಂಫಿಸ್ ನಗರದ ಪೌರಕಾರ್ಮಿಕರ ವಿಷಯದಲ್ಲಿ ಹಣ ಕೊಡುವ ಕೈ ಯಾವುದೆಂಬ ಗೊಂದಲ ಇರಲಿಲ್ಲ. ನಗರಾಡಳಿತವೇ ಮಾಲೀಕ. ಆದರೆ ಸರ್ಕಾರಿ ನೌಕರರು ಮುಷ್ಕರ ಮಾಡುವುದು ಕಾನೂನುಬಾಹಿರ ಎಂದು ಆ ಮಾಲೀಕ ಸಂಘದೊಡನೆ ಮಾತಿಗೇ ನಿರಾಕರಿಸಿದ. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿಯಲ್ಲಿ ನಿಂತಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರು ಕಸ ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಅದರಡಿ ಸಿಕ್ಕಿ ಸತ್ತರು. ಹನ್ನೊಂದು ದಿನಗಳ ಬಳಿಕ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. "ನಾನು ಮನುಷ್ಯ" ಎಂದು ಬರೆದ ಫಲಕಗಳನ್ನು ಹಿಡಿದು ಅವರು ನಡೆದ ಮೆರವಣಿಗೆಯ ಚಿತ್ರಗಳು ಜಗತ್ತಿಗೆಲ್ಲ ಪರಿಚಿತ. ಅವರಿಗೆ ಬೆಂಬಲವಾಗಿ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ನಗರದಲ್ಲಿ ಕೊಲೆಯಾದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಮೇ ತಿಂಗಳಿಂದ ಗಂಟೆಗೆ 10 ಸೆಂಟ್, ಸೆಪ್ಟೆಂಬರಿನಿಂದ ಇನ್ನೂ 5 ಸೆಂಟ್ ಏರಿಕೆ, ಸಂಘಕ್ಕೆ ಮಾನ್ಯತೆ, ಸಂಘದ ವಂತಿಗೆಯನ್ನು ಸಂಬಳದಿಂದಲೇ ಮುರಿದುಕೊಳ್ಳಲು ಒಂದು ಏರ್ಪಾಟು. ಹದಿನೈದು ಸೆಂಟಿನ ಏರಿಕೆ ಇಷ್ಟು ದೊಡ್ಡ ಬೆಲೆಗೆ ಬಂದದ್ದನ್ನು ಓದುವಾಗ ಇಂದಿಗೂ ನನ್ನ ಮನಸ್ಸು ಕಲಕುತ್ತದೆ. ವಂತಿಗೆಯ ವಿಷಯ ಚಿಕ್ಕದೆಂದು ಹಲವರಿಗೆ ತೋರಬಹುದು. ಆದರೆ ನಗರಾಡಳಿತ ಕೊನೆಯವರೆಗೆ ಹಟ ಹಿಡಿದದ್ದು ಮಾನ್ಯತೆ ಮತ್ತು ವಂತಿಗೆಯ ಬಗ್ಗೆಯೇ. ಏಕೆಂದರೆ ಒಮ್ಮೆ ಏರಿಸಿದ ಕೂಲಿಯನ್ನು ಬೆಲೆಯೇರಿಕೆ ತಿಂದುಹಾಕಬಹುದು, ಸಂಘ ಉಳಿದರೆ ಬೇಡಿಕೆಯೂ ಉಳಿಯುತ್ತದೆ.

ಮೆಂಫಿಸಿನ ಅನಂತರದ ಕಾಲದಲ್ಲಿ ಮಾಲೀಕನ ಮುಖವೇ ಬದಲಾಯಿತು. ಕಟ್ಟಡದ ಒಡೆಯರು, ಬ್ಯಾಂಕುಗಳು, ಆಸ್ಪತ್ರೆಗಳು, ಸರ್ಕಾರಿ ಕಚೇರಿಗಳು ಶುಚಿತ್ವ ಕಾವಲು ಮುಂತಾದ ಕೆಲಸಗಳನ್ನು ತಮ್ಮ ನೌಕರರಿಂದ ಬಿಡಿಸಿ ಗುತ್ತಿಗೆಗೆ ಕೊಡಲಾರಂಭಿಸಿದವು. ಇದರ ಲೆಕ್ಕಾಚಾರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶುಚಿಗೊಳಿಸುವ ಗುತ್ತಿಗೆಯಲ್ಲಿ ಯಂತ್ರ, ಸಾಬೂನು, ಕಚೇರಿಯ ವೆಚ್ಚಗಳೆಲ್ಲ ಅಲ್ಪ. ಖರ್ಚಿನ ಬಹುಭಾಗ ಕೂಲಿಯೇ. ಅತಿ ಕಡಿಮೆ ಮೊತ್ತದ ಟೆಂಡರಿಗೆ ಗುತ್ತಿಗೆ ಸಿಗುವುದಾದರೆ, ಕಡಿತ ಮಾಡಬಹುದಾದ ಜಾಗವೆಂದರೆ ಕೂಲಿ, ಇಲ್ಲವೇ ಅದೇ ಕೂಲಿಗೆ ಒಬ್ಬಾಕೆ ಗುಡಿಸಬೇಕಾದ ಕೋಣೆಗಳ ಸಂಖ್ಯೆ. ಒಬ್ಬ ಗುತ್ತಿಗೆದಾರನ ಆಳುಗಳು ಸಂಘ ಕಟ್ಟಿ ಕೂಲಿ ಏರಿಸಿಕೊಂಡರೆ ಆತನ ದರವೂ ಏರಿ, ಮುಂದಿನ ಸಲ ಗುತ್ತಿಗೆ ಬೇರೆಯವನ ಪಾಲಾಗುತ್ತದೆ, ಸಂಘ ಕಟ್ಟಿದವರು ಮನೆಗೆ ಹೋಗುತ್ತಾರೆ. ಗುತ್ತಿಗೆದಾರನನ್ನು ಕೇಳಿದರೆ ತನ್ನ ಕೈಯಲ್ಲಿ ಏನೂ ಇಲ್ಲವೆನ್ನುತ್ತಾನೆ, ಕಟ್ಟಡದ ಒಡೆಯನನ್ನು ಕೇಳಿದರೆ ನೀವು ನನ್ನ ನೌಕರರೇ ಅಲ್ಲವೆನ್ನುತ್ತಾನೆ. ಕಾನೂನಿನ ಕಣ್ಣಿಗೆ ಇಬ್ಬರ ಮಾತೂ ಸರಿಯಾಗಿ ಕಾಣುತ್ತದೆ. ಅಮೆರಿಕದಲ್ಲಂತೂ 1947ರ ಟಾಫ್ಟ್ ಹಾರ್ಟ್ಲಿ ಕಾಯಿದೆ ನೇರ ಮಾಲೀಕನಲ್ಲದವರ ಮೇಲೆ ಸಂಘಗಳು ಬಹಿಷ್ಕಾರದ ಒತ್ತಡ ಹೇರುವುದನ್ನೇ ನಿರ್ಬಂಧಿಸಿತ್ತು.

ಲಾಸ್ ಏಂಜಲಿಸ್ ನಗರದಲ್ಲಿ 1980ರ ದಶಕದ ಆರಂಭದವರೆಗೂ ದೊಡ್ಡ ಕಟ್ಟಡಗಳ ಶುಚಿತ್ವ ನೌಕರರು ಸಂಘದಲ್ಲಿದ್ದು ಗಂಟೆಗೆ ಏಳು ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದರು. ಗುತ್ತಿಗೆಯ ಪೈಪೋಟಿ ಬಂದು ಕೆಲವೇ ವರ್ಷಗಳಲ್ಲಿ ಅದು ನಾಲ್ಕೂವರೆ ಡಾಲರಿನ ಆಸುಪಾಸಿಗೆ ಕುಸಿಯಿತು. ಹಳಬರ ಜಾಗಕ್ಕೆ ಮಧ್ಯ ಅಮೆರಿಕ ಮತ್ತು ಮೆಕ್ಸಿಕೊಗಳಿಂದ ವಲಸೆ ಬಂದವರು ಬಂದರು. 1985ರಲ್ಲಿ ಡೆನ್ವರಿನಲ್ಲಿ ಆರಂಭವಾದ "ಜಸ್ಟಿಸ್ ಫಾರ್ ಜಾನಿಟರ್ಸ್" (ಶುಚಿತ್ವ ನೌಕರರಿಗೆ ನ್ಯಾಯ) ಚಳವಳಿ ಈ ವಲಸಿಗರನ್ನು ಸಂಘಟಿಸಿದ ರೀತಿಯೇ ಬೇರೆಯಾಗಿತ್ತು. ಒಂದೊಂದು ಗುತ್ತಿಗೆ ಕಂಪನಿಯಲ್ಲಿ ಒಂದೊಂದು ಚುನಾವಣೆ ನಡೆಸುವ ಹಳೆಯ ಕ್ರಮವನ್ನು ಬಿಟ್ಟು, ನಗರದ ಒಂದು ಇಡೀ ಪ್ರದೇಶದ ಎಲ್ಲ ಗುತ್ತಿಗೆದಾರರೂ ಒಮ್ಮೆಗೇ ಒಪ್ಪಬೇಕೆಂದು ಅದು ಪಟ್ಟು ಹಿಡಿಯಿತು. ಕಟ್ಟಡಗಳ ಒಡೆಯರನ್ನೂ ಬಾಡಿಗೆದಾರರನ್ನೂ ಸಾರ್ವಜನಿಕರ ಮುಂದೆ ಉತ್ತರ ಕೊಡುವಂತೆ ಮಾಡಿತು. 1990ರ ಜೂನ್ 15ರಂದು ಲಾಸ್ ಏಂಜಲಿಸ್ಸಿನ ಕಚೇರಿ ಕಟ್ಟಡಗಳ ಪ್ರದೇಶವಾದ ಸೆಂಚುರಿ ಸಿಟಿಯಲ್ಲಿ ಶಾಂತವಾಗಿ ಮೆರವಣಿಗೆ ಹೊರಟಿದ್ದವರ ಮೇಲೆ ಪೊಲೀಸರು ಲಾಠಿ ಬೀಸಿ ಹಲವರನ್ನು ಗಾಯಗೊಳಿಸಿದರು. ಟೆಲಿವಿಷನ್ನಿನಲ್ಲಿ ಆ ದೃಶ್ಯ ನೋಡಿದ ಜನರ ಆಕ್ರೋಶದ ನಡುವೆ ಅಲ್ಲಿನ ಮುಖ್ಯ ಗುತ್ತಿಗೆ ಕಂಪನಿ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಎಲ್ಲ ಗುತ್ತಿಗೆದಾರರ ಕೂಲಿ ವೆಚ್ಚವೂ ಒಂದೇ ಆದ ಮೇಲೆ ಕೂಲಿ ಕಡಿದು ಟೆಂಡರ್ ಗೆಲ್ಲುವ ಆಟ ನಿಂತುಹೋಗುತ್ತದೆ. 1866ರಲ್ಲಿ ಜಾಕ್ಸನ್ ನಗರದ ಹೆಂಗಸರು ಹೂಡಿದ್ದ ತಂತ್ರವೂ ಇದೇ ಎಂಬುದು ಓದುಗರ ಗಮನಕ್ಕೆ ಬಂದಿರಬಹುದು.

ಬ್ರಿಟನ್ನಿನಲ್ಲಿ ಮೇ ಹಾಬ್ಸ್ ಎಂಬ ಶುಚಿತ್ವ ಕೆಲಸಗಾರ್ತಿ 1970ರ ಸುಮಾರಿನಲ್ಲಿ ಲಂಡನ್ನಿನ ಕಚೇರಿಗಳನ್ನು ರಾತ್ರಿ ಹೊತ್ತು ಗುಡಿಸಿ ಒರೆಸುವ ಹೆಂಗಸರನ್ನು ಸೇರಿಸಿ ಹೋರಾಟ ನಡೆಸಿದರು. ಸ್ತ್ರೀವಾದಿ ಗುಂಪುಗಳ ಯುವತಿಯರು ರಾತ್ರಿಯಿಡೀ ಕಟ್ಟಡಗಳ ಬಾಗಿಲಲ್ಲಿ ಕರಪತ್ರ ಹಂಚಿದರು. 1972ರಲ್ಲಿ ಕೆಲವು ಸರ್ಕಾರಿ ಕಟ್ಟಡಗಳಲ್ಲಿ ನಡೆದ ಮುಷ್ಕರ ಗೆದ್ದಿತಾದರೂ ಗುತ್ತಿಗೆ ಕೈಬದಲಾದಾಗ ಆ ಗೆಲುವು ಉಳಿಯಲಿಲ್ಲ. ಮೂರು ದಶಕಗಳ ಬಳಿಕ ಅದೇ ಲಂಡನ್ನಿನ ಪೂರ್ವಭಾಗದ ಚರ್ಚು, ಮಸೀದಿ, ಶಾಲೆ, ಸಂಘಗಳು ಒಟ್ಟುಗೂಡಿ 2001ರಲ್ಲಿ ಜೀವನಯೋಗ್ಯ ವೇತನದ ಬೇಡಿಕೆ ಎತ್ತಿದವು. 2003ರಲ್ಲಿ ದೊಡ್ಡ ಬ್ಯಾಂಕೊಂದರ ಷೇರುದಾರರ ವಾರ್ಷಿಕ ಸಭೆಯಲ್ಲಿ ಆ ಬ್ಯಾಂಕಿನ ಮುಖ್ಯ ಕಚೇರಿಯನ್ನು ರಾತ್ರಿ ಶುಚಿಗೊಳಿಸುವ ಕೆಲಸಗಾರನೊಬ್ಬ ಎದ್ದು ನಿಂತು ಅಧ್ಯಕ್ಷರನ್ನೇ ನೇರವಾಗಿ ತನ್ನ ಸಂಬಳದ ಬಗ್ಗೆ ಕೇಳಿದ. ಗುತ್ತಿಗೆದಾರನನ್ನು ದಾಟಿ, ಹಣ ಕೊಡುವವರ ಮುಂದೆ ಹೋಗಿ ನಿಂತ ಆ ಪ್ರಶ್ನೆಯ ಮರುವರ್ಷವೇ ಬ್ಯಾಂಕು ಗುತ್ತಿಗೆ ನೌಕರರ ವೇತನ ಏರಿಸಲು ಒಪ್ಪಿತು. ಇದೇ ಬಗೆಯ ಪ್ರಯತ್ನ ಅಮೆರಿಕದ ಬಾಲ್ಟಿಮೋರಿನಲ್ಲಿ 1994ರಲ್ಲೇ ಫಲಿಸಿತ್ತು. ಉಚಿತ ಊಟಕ್ಕಾಗಿ ಚರ್ಚುಗಳಿಗೆ ಬರುವವರಲ್ಲಿ ದುಡಿಯುವವರೂ ಇದ್ದಾರೆಂಬುದನ್ನು ಪಾದ್ರಿಗಳು ಗಮನಿಸಿದ ಮೇಲೆ, ನಗರಾಡಳಿತ ಕೊಡುವ ಗುತ್ತಿಗೆಗಳಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಕೂಲಿ ಕೊಡಕೂಡದೆಂಬ ನಿಯಮ ಅಲ್ಲಿ ಬಂತು. ಪ್ಯಾರಿಸ್ಸಿನ ಬಾತಿನ್ಯೋಲ್ ಭಾಗದ ಹೋಟೆಲೊಂದರಲ್ಲಿ ಒಳಗುತ್ತಿಗೆಯಡಿ ಕೋಣೆ ಶುಚಿಗೊಳಿಸುತ್ತಿದ್ದ ಸುಮಾರು ಇಪ್ಪತ್ತು ಮಂದಿ, ಹೆಚ್ಚಿನವರು ಆಫ್ರಿಕಾದಿಂದ ಬಂದ ಹೆಂಗಸರು, 2019ರ ಜುಲೈಯಿಂದ 2021ರ ಮೇವರೆಗೆ ಹೋರಾಡಿ ಸಂಬಳ ಏರಿಸಿಕೊಂಡರು. ಅವರ ಮುಂದಾಳುಗಳಲ್ಲಿ ಒಬ್ಬರಾದ ರಾಶೆಲ್ ಕೆಕೆ ಮರುವರ್ಷ ಫ್ರಾನ್ಸಿನ ಸಂಸತ್ತಿಗೆ ಆಯ್ಕೆಯಾದರು.

ಮನೆಗೆಲಸದವರ ಸ್ಥಿತಿ ಎಲ್ಲಕ್ಕಿಂತ ಕಠಿಣ. ಅಲ್ಲಿ ಒಂದೊಂದು ಮನೆಯೂ ಒಬ್ಬೊಬ್ಬ ಮಾಲೀಕ, ಒಂದೊಂದು ಬಾಗಿಲ ಹಿಂದೆಯೂ ಒಬ್ಬೊಬ್ಬ ಕೆಲಸದಾಕೆ. ಅಟ್ಲಾಂಟಾದ ಡೊರೊಥಿ ಬೋಲ್ಡನ್, ಸ್ವತಃ ಬಾಲ್ಯದಿಂದ ಮನೆಗೆಲಸ ಮಾಡಿದವರು, ಕೆಲಸಕ್ಕೆ ಹೋಗುವ ಹೆಂಗಸರು ಒಟ್ಟಿಗೆ ಸಿಗುವ ಏಕೈಕ ಜಾಗವಾದ ಸಿಟಿ ಬಸ್ಸಿನಲ್ಲೇ ಅವರೊಡನೆ ಮಾತಾಡಿ 1968ರಲ್ಲಿ ಸಂಘ ಕಟ್ಟಿದರು. ಸದಸ್ಯೆಯಾಗಬೇಕಾದರೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬೇಕು ಎಂಬುದು ಆ ಸಂಘದ ನಿಯಮವಾಗಿತ್ತು. ಆದರೆ ಈ ಸಮಸ್ಯೆಗೆ ನಾನು ಓದಿದ ಮಟ್ಟಿಗೆ ಅತ್ಯಂತ ಪೂರ್ಣವಾದ ಪರಿಹಾರ ಕಂಡುಕೊಂಡದ್ದು ಉರುಗ್ವೆ. 2006ರಲ್ಲಿ ಅಲ್ಲಿ ಮನೆಗೆಲಸದವರಿಗೆ ಉಳಿದ ಕಾರ್ಮಿಕರ ಹಕ್ಕುಗಳನ್ನು ಕೊಡುವ ಕಾನೂನು ಬಂತು. ಸರ್ಕಾರ, ಕಾರ್ಮಿಕರು, ಮಾಲೀಕರು ಕೂತು ವೇತನ ನಿಗದಿ ಮಾಡುವ ಮಂಡಳಿಗೆ 2008ರಲ್ಲಿ ಮನೆಗೆಲಸದವರೂ ಬಂದರು. ಮಾಲೀಕರ ಪರವಾಗಿ ಕೂರುವವರು ಯಾರು ಎಂಬ ಪ್ರಶ್ನೆ ಎದುರಾದಾಗ ಅಲ್ಲಿನ ಗೃಹಿಣಿಯರ ಸಂಘವೊಂದು ಆ ಜವಾಬ್ದಾರಿ ವಹಿಸಿಕೊಂಡಿತು. ಅದೇ ನವೆಂಬರಿನಲ್ಲಿ ಮೊದಲ ಒಪ್ಪಂದವಾಯಿತು. ಚದುರಿದ ಕೆಲಸಗಾರರನ್ನು ಒಟ್ಟುಗೂಡಿಸುವಷ್ಟೇ ಮುಖ್ಯವಾಗಿ ಚದುರಿದ ಮಾಲೀಕರನ್ನೂ ಒಟ್ಟುಗೂಡಿಸಬೇಕು ಎಂಬುದನ್ನು ಆ ಪುಟ್ಟ ದೇಶ ಮಾಡಿ ತೋರಿಸಿತು. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರ ಕುರಿತ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಅದನ್ನು ಮೊದಲು ಅನುಮೋದಿಸಿದ ದೇಶವೂ ಉರುಗ್ವೆಯೇ.

ಮಾಲೀಕನೇ ಗೊತ್ತಿಲ್ಲದವರು ಸಂಘ ಕಟ್ಟಬಹುದೇ ಎಂಬ ಪ್ರಶ್ನೆ ಭಾರತದಲ್ಲೂ ಎದುರಾಗಿತ್ತು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ತಲೆಹೊರೆ ಹೊರುವ, ಬೀದಿಯಲ್ಲಿ ಮಾರುವ ಹೆಂಗಸರ "ಸೇವಾ" ಸಂಘವನ್ನು ನೋಂದಾಯಿಸಲು ಹೋದಾಗ, ಇವರಿಗೆ ಮಾಲೀಕನೇ ಇಲ್ಲವಾದ್ದರಿಂದ ಸಂಘ ಹೋರಾಡುವುದು ಯಾರ ವಿರುದ್ಧ ಎಂದು ಕಾರ್ಮಿಕ ಇಲಾಖೆ ಮೊದಲು ನಿರಾಕರಿಸಿತು. ಸಂಘವೆಂಬುದು ಯಾರದೋ ವಿರುದ್ಧಕ್ಕಾಗಿ ಇರಬೇಕಾಗಿಲ್ಲ, ಕೆಲಸಗಾರರ ಒಗ್ಗಟ್ಟಿಗಾಗಿ ಇರಬಹುದು ಎಂದು ವಾದಿಸಿ ಅವರು ನೋಂದಣಿ ಪಡೆದರು. ಅದಕ್ಕೂ ಮೊದಲೇ ಮಹಾರಾಷ್ಟ್ರದಲ್ಲಿ, ಅಣ್ಣಾಸಾಹೇಬ್ ಪಾಟೀಲ್ ಅವರ ನೇತೃತ್ವದಲ್ಲಿ ಸಂಘಟಿತರಾದ ಹಮಾಲರ ಹೋರಾಟದ ಫಲವಾಗಿ 1969ರಲ್ಲಿ ಮಾಥಾಡಿ (ತಲೆಹೊರೆ ಹೊರುವವರ) ಕಾಯಿದೆ ಬಂದಿತ್ತು. ದಿನವೊಂದಕ್ಕೆ ಹಲವು ವರ್ತಕರ ಮೂಟೆ ಹೊರುವ ಹಮಾಲನಿಗೂ ಆ ವರ್ತಕರಿಗೂ ನಡುವೆ ಒಂದು ಮಂಡಳಿ ನಿಲ್ಲುತ್ತದೆ. ಎರಡೂ ಕಡೆಯವರು ಅಲ್ಲಿ ನೋಂದಾಯಿಸಿಕೊಳ್ಳಬೇಕು. ಕೂಲಿಯೂ ಅದರ ಮೇಲಿನ ಸುಂಕವೂ ಮಂಡಳಿಗೆ ಸಂದಾಯವಾಗಿ, ಹಮಾಲನಿಗೆ ಕೂಲಿಯೊಂದಿಗೆ ಭವಿಷ್ಯನಿಧಿ, ರಜೆಯ ಸಂಬಳ, ಬೋನಸ್ಸುಗಳು ಸಿಗುತ್ತವೆ. ಹತ್ತಾರು ಮಾಲೀಕರಿದ್ದಾರೆ ಎಂಬ ಕಾರಣಕ್ಕೆ ಯಾರೂ ಮಾಲೀಕರಲ್ಲ ಎಂದಾಗಬೇಕಾಗಿಲ್ಲ ಎಂಬುದನ್ನು ಈ ಕಾಯಿದೆ ಐವತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿತು. ಇಂದು ಮೊಬೈಲ್ ಆ್ಯಪಿನ ಮೂಲಕ ದುಡಿಯುವವರ ಬಗ್ಗೆ ಚರ್ಚಿಸುವವರು ಇದನ್ನು ಮತ್ತೆ ಓದಿದರೆ ಒಳ್ಳೆಯದು. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿ 19ರಂದು ಉಬರ್ ಚಾಲಕರು ಕನಿಷ್ಠ ವೇತನಕ್ಕೆ ಅರ್ಹರಾದ ಕೆಲಸಗಾರರೆಂದು ತೀರ್ಪಿತ್ತಾಗ ಮುಖ್ಯವಾಗಿ ಗಮನಿಸಿದ್ದು, ಪ್ರಯಾಣದ ದರವನ್ನೂ ಕೆಲಸದ ಷರತ್ತುಗಳನ್ನೂ ನಿಗದಿ ಮಾಡುವವರು ಯಾರು ಎಂಬುದನ್ನೇ.

ಕಾನೂನಿನ ದಾರಿಯಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ತೋರುವುದು ನ್ಯೂಜಿಲೆಂಡಿನ ನಿದರ್ಶನ. ಇಪ್ಪತ್ತು ವರ್ಷ ವೃದ್ಧರ ಆರೈಕೆ ಮಾಡಿದರೂ ಗಂಟೆಗೆ 14.46 ಡಾಲರ್ ಪಡೆಯುತ್ತಿದ್ದ ಕ್ರಿಸ್ಟೀನ್ ಬಾರ್ಟ್ಲೆಟ್ ಮತ್ತು ಅವರ ಸಂಘ, ಈ ಕೆಲಸಕ್ಕೆ ಕೂಲಿ ಕಡಿಮೆಯಿರುವುದು ಇದನ್ನು ಹೆಂಗಸರು ಮಾಡುವುದರಿಂದಲೇ ಎಂದು 1972ರ ಸಮಾನ ವೇತನ ಕಾಯಿದೆಯಡಿ ದಾವೆ ಹೂಡಿದರು. ಒಂದೇ ಆರೈಕೆ ಕೇಂದ್ರದ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಇದ್ದರೆ ಸಾಲದು, ಗಂಡಸರೇ ಹೆಚ್ಚಾಗಿರುವ ಸಮಾನ ಕೌಶಲದ ಬೇರೆ ಕೆಲಸಗಳಿಗೆ ಹೋಲಿಸಿಯೂ ನೋಡಬಹುದು ಎಂದು ನ್ಯಾಯಾಲಯಗಳು 2013 ಮತ್ತು 2014ರಲ್ಲಿ ಹೇಳಿದವು. ಆರೈಕೆ ಕೇಂದ್ರಗಳು ಸರ್ಕಾರದ ಅನುದಾನದಿಂದ ನಡೆಯುವಂಥವು. ಅನುದಾನ ಏರದೆ ಕೂಲಿ ಏರಿಸಲಾಗದು ಎಂಬ ಅವುಗಳ ಮಾತಿನಲ್ಲಿ ನಿಜವಿತ್ತು. ಹಾಗಾಗಿ ಕೊನೆಗೆ ಸರ್ಕಾರವೇ ಮಾತುಕತೆಗೆ ಬಂತು. 2017ರ ಏಪ್ರಿಲಿನಲ್ಲಿ ಪ್ರಕಟವಾದ ಒಪ್ಪಂದದ ಪ್ರಕಾರ ಐದು ವರ್ಷಗಳಿಗೆ 200 ಕೋಟಿ ನ್ಯೂಜಿಲೆಂಡ್ ಡಾಲರ್ ಒದಗಿಸಿ, ಸುಮಾರು 55,000 ಆರೈಕೆ ಕೆಲಸಗಾರರ ಕೂಲಿಯನ್ನು ಏರಿಸಲಾಯಿತು. "ಕೌಶಲವಿಲ್ಲದ ಕೆಲಸ" ಎಂಬ ಹಣೆಪಟ್ಟಿ ಎಷ್ಟೋ ಸಲ ಕಡಿಮೆ ಕೂಲಿಗೆ ಕಾರಣವಾಗಿರದೆ, ಕಡಿಮೆ ಕೂಲಿಯನ್ನು ಸಮರ್ಥಿಸಲು ಅಂಟಿಸಿದ್ದಾಗಿರುತ್ತದೆ ಎಂಬ ನನ್ನ ನಂಬಿಕೆಗೆ ಈ ಪ್ರಕರಣವೇ ದೊಡ್ಡ ಆಧಾರ.

2012ರ ನವೆಂಬರ್ 29ರಂದು ನ್ಯೂಯಾರ್ಕಿನಲ್ಲಿ ಸುಮಾರು 200 ಮಂದಿ ಫಾಸ್ಟ್‌ಫುಡ್ ಕೆಲಸಗಾರರು ಗಂಟೆಗೆ 15 ಡಾಲರ್ ಮತ್ತು ಸಂಘದ ಹಕ್ಕು ಬೇಕೆಂದು ಹೊರನಡೆದಾಗ ದೇಶದ ಕನಿಷ್ಠ ವೇತನ 7.25 ಡಾಲರ್ ಆಗಿತ್ತು. ಅದಕ್ಕಿಂತ ಇಮ್ಮಡಿಯ ಬೇಡಿಕೆಯನ್ನು ಅಂದು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಇಲ್ಲೂ ಹಳೆಯ ತೊಡಕೇ ಇತ್ತು. ಅಂಗಡಿ ಫ್ರಾಂಚೈಸಿಯದು, ಅಂದರೆ ಕಂಪನಿಯ ಹೆಸರನ್ನು ಬಳಸಿಕೊಳ್ಳುವ ಬೇರೊಬ್ಬ ವ್ಯಾಪಾರಿಯದು, ಹೆಸರು ಕಂಪನಿಯದು, ಕೂಲಿಗೆ ತಾನು ಹೊಣೆಯಲ್ಲವೆಂದು ಕಂಪನಿಯ ಮಾತು. ಸಂಘವನ್ನು ಒಂದೊಂದು ಅಂಗಡಿಯಲ್ಲಿ ಕಟ್ಟುವುದು ಅಸಾಧ್ಯವಾದಾಗ ಅವರು ನಗರ ಮತ್ತು ರಾಜ್ಯಗಳ ಶಾಸನಸಭೆಗಳತ್ತ ತಿರುಗಿದರು. 2014ರಲ್ಲಿ ಸಿಯಾಟಲ್ ನಗರ, 2016ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳು 15 ಡಾಲರಿನ ಕಡೆಗೆ ಹಂತಹಂತವಾಗಿ ಏರುವ ಕಾನೂನುಗಳನ್ನು ಮಾಡಿದವು. 2024ರ ಏಪ್ರಿಲ್ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಫಾಸ್ಟ್‌ಫುಡ್ ಸರಪಳಿಗಳ ಕನಿಷ್ಠ ಕೂಲಿ 20 ಡಾಲರ್ ಆಗಿದೆ. ಕೆಲಸಗಾರರೂ ಮಾಲೀಕರೂ ಕೂರುವ ಒಂದು ಮಂಡಳಿಯೂ ರಚನೆಯಾಗಿದೆ. ಕೂಲಿ ಏರಿತು ಎಂಬುದು ನಿಜ. ಸಂಘದ ಹಕ್ಕು ಎಂಬ ಬೇಡಿಕೆಯ ಇನ್ನರ್ಧ ಬಹುಪಾಲು ಈಡೇರಿಲ್ಲ ಎಂಬುದೂ ಅಷ್ಟೇ ನಿಜ.

ಕೂಲಿ ಏರಿದರೆ ಕೆಲಸಗಳೇ ಕಡಿಮೆಯಾಗುತ್ತವೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1992ರಲ್ಲಿ ನ್ಯೂಜೆರ್ಸಿ ತನ್ನ ಕನಿಷ್ಠ ವೇತನವನ್ನು 4.25ರಿಂದ 5.05 ಡಾಲರಿಗೆ ಏರಿಸಿದಾಗ, ಏರಿಸದೆ ಇದ್ದ ಪಕ್ಕದ ಪೆನ್ಸಿಲ್ವೇನಿಯಾದೊಡನೆ ಹೋಲಿಸಿ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 410 ಫಾಸ್ಟ್‌ಫುಡ್ ಅಂಗಡಿಗಳನ್ನು ಅಧ್ಯಯನ ಮಾಡಿದರು. ಕೆಲಸಗಳು ಕಡಿಮೆಯಾದುದು ಅವರಿಗೆ ಕಾಣಲಿಲ್ಲ. ಬೇರೆ ಅರ್ಥಶಾಸ್ತ್ರಜ್ಞರು ಅದನ್ನು ಪ್ರಶ್ನಿಸಿದರು, ವಾದ ಇನ್ನೂ ಮುಗಿದಿಲ್ಲ. ಏರಿಕೆಯ ಪ್ರಮಾಣ, ಊರಿನ ಆರ್ಥಿಕ ಸ್ಥಿತಿ, ಉದ್ಯಮದ ಸ್ವರೂಪ ಇವೆಲ್ಲವನ್ನೂ ನೋಡಿಯೇ ಹೇಳಬೇಕು. ಆದರೆ ಯಾವ ಏರಿಕೆಯೂ ಕೆಲಸಗಳನ್ನು ನುಂಗಿಯೇ ತೀರುತ್ತದೆ ಎಂದು ಸಾರಾಸಗಟಾಗಿ ಹೇಳುವ ಹಕ್ಕು ಮಾತ್ರ ಇನ್ನು ಯಾರಿಗೂ ಉಳಿದಿಲ್ಲ.

ಈ ಚರಿತ್ರೆಯ ಹಿನ್ನೆಲೆಯಲ್ಲಿ ತಮ್ಮ ಪತ್ರಿಕೆಗೆ ನನ್ನದೊಂದು ವಿನಂತಿಯಿದೆ. ಗುತ್ತಿಗೆ ನೌಕರರ ಮುಷ್ಕರದ ವರದಿಗಳಲ್ಲಿ ಸಾರ್ವಜನಿಕರಿಗಾದ ತೊಂದರೆಯ ವಿವರ ವಿಸ್ತಾರವಾಗಿ ಇರುತ್ತದೆ, ನೌಕರರ ಬೇಡಿಕೆ ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಗುತ್ತಿಗೆದಾರನ ಹೇಳಿಕೆ ಒಂದೆರಡು ಸಾಲು ಬರುತ್ತದೆ. ಆ ಗುತ್ತಿಗೆಯನ್ನು ಕೊಟ್ಟವರ ಮಾತು ಬರುವುದು ಅಪರೂಪ. ಇನ್ನು ಮುಂದೆ ಇಂಥ ಪ್ರತಿಯೊಂದು ವರದಿಯಲ್ಲೂ ಗುತ್ತಿಗೆ ಕೊಟ್ಟ ಸಂಸ್ಥೆ ಯಾವುದು, ಒಬ್ಬ ಕೆಲಸಗಾರನ ಲೆಕ್ಕಕ್ಕೆ ಅದು ಎಷ್ಟು ಹಣ ಕೊಡುತ್ತದೆ, ಅದರಲ್ಲಿ ಆತನ ಕೈಗೆ ಸೇರುವುದೆಷ್ಟು, ಆ ದರವನ್ನು ಕೊನೆಯ ಬಾರಿ ಪರಿಷ್ಕರಿಸಿದ್ದು ಯಾವಾಗ ಎಂಬುದನ್ನು ತಮ್ಮ ವರದಿಗಾರರು ಕೇಳಿ ಬರೆಯುವಂತಾಗಲಿ. ಉತ್ತರ ಕೊಡಲು ಯಾರಾದರೂ ನಿರಾಕರಿಸಿದರೆ, ಯಾರು ನಿರಾಕರಿಸಿದರೆಂಬುದೂ ಅಚ್ಚಾಗಲಿ.

ಇತಿ,
ತಮ್ಮ ಪತ್ರಿಕೆಯ ಓದುಗ